ಹಾಸಿಗೆ ಬೆವರಿದ ರಾತ್ರಿ

"ಅಪ್ಪಾ, ಹಾಸಿಗೆ ಬೆವರಿದೆ."

ರಾತ್ರಿ ಎರಡೂವರೆಗೆ ಐದು ವರ್ಷದ ಮಗ ನನ್ನ ಕಿವಿಯಲ್ಲಿ ಒಪ್ಪಿಸಿದ ವರದಿ ಇದು. ಹಾಸಿಗೆಗೆ ಬೆವರುವಂಥ ಕೆಲಸ ಏನಿತ್ತೋ! ಹೋಗಿ ದೀಪ ಹಾಕಿದರೆ, ನಟ್ಟನಡುವೆ ಒಂದು ಖಂಡ, ಪಕ್ಕಕ್ಕೆ ಎರಡು ದ್ವೀಪ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಇವನು ಕಾಲನ್ನಷ್ಟೇ ಚಾಚಿ ಸುಮ್ಮನಾಗಿರಲಿಲ್ಲ.

ಈಗ ನಾನು ಈ ವಿದ್ಯೆಯಲ್ಲಿ ಪಳಗಿದ್ದೇನೆ. ಮೊದಲ ಸಲದ ನನ್ನ ಘನಕಾರ್ಯವನ್ನು ಮಾತ್ರ ಮನೆಯವರು ಇನ್ನೂ ಮರೆತಿಲ್ಲ. ಅಂದು ಒಂದು ಬಕೆಟ್ ಬಿಸಿನೀರು ಸುರಿದು, ಬಟ್ಟೆ ಒಗೆಯುವ ಬ್ರಷ್ಷಿನಿಂದ ತಿಕ್ಕಿದ್ದೆ. ತಿಕ್ಕಿದಷ್ಟೂ ಅದು ಒಳಕ್ಕಿಳಿಯುತ್ತದೆ, ಬಿಸಿನೀರಿಗೆ ಕಲೆ ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ ಎಂದು ಯಾರಿಗೆ ಗೊತ್ತಿತ್ತು? ಫೋಮ್ ಹಾಸಿಗೆ ಅಷ್ಟೂ ನೀರನ್ನು ಗಟಗಟನೆ ಕುಡಿದು ಮೂರು ದಿನ ಒಣಗಲಿಲ್ಲ. ಸುಗಂಧ ಸಿಂಪಡಿಸಿದೆ. ವಾಸನೆಯೇನೂ ಹೋಗಲಿಲ್ಲ, ಅದಕ್ಕೊಂದು ಮಲ್ಲಿಗೆಯ ಜೊತೆ ಸಿಕ್ಕಿತು, ಅಷ್ಟೆ. ಕೊನೆಯ ಅಸ್ತ್ರವಾಗಿ ಬ್ಲೀಚ್ ಡಬ್ಬಿ ಎತ್ತಿದಾಗ ಹೆಂಡತಿ ಓಡಿಬಂದು ಕಸಿದುಕೊಂಡಳು. ಮೂತ್ರದ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಅಮೋನಿಯಾ ಮಾಡುತ್ತವೆ, ಆ ಘಾಟು ಅದರದೇ. ಅದಕ್ಕೆ ಬ್ಲೀಚ್ ಬಿದ್ದರೆ ಏಳುವುದು ವಿಷಾನಿಲ. "ಅವನು ಹಾಸಿಗೆಯನ್ನಷ್ಟೇ ಕೆಡಿಸಿದ್ದಾನೆ. ನೀವು ಮನೆಮಂದಿಯನ್ನೆಲ್ಲ ಮುಗಿಸಬೇಡಿ" ಎಂದಳು.

ಈಗಿನ ಕ್ರಮವೇ ಬೇರೆ. ಒಣಬಟ್ಟೆಯನ್ನು ಹಾಕಿ ಒತ್ತಬೇಕು, ತಿಕ್ಕಲೇಬಾರದು. ವಿನೆಗರ್‌ಗೆ ಅಷ್ಟೇ ತಣ್ಣೀರು ಬೆರೆಸಿ ಹದವಾಗಿ ಚಿಮುಕಿಸಿ, ಮತ್ತೆ ಒತ್ತಬೇಕು. ಆಮೇಲೆ ಅಡುಗೆ ಸೋಡಾ ಉದುರಿಸಿ ಏಳೆಂಟು ಗಂಟೆ ಬಿಟ್ಟು, ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆದು, ಫ್ಯಾನ್ ಕೆಳಗೆ ಪೂರ್ತಿ ಒಣಗಿಸಬೇಕು. ಅಲ್ಲಿಯವರೆಗೆ ಆ ಕೋಣೆಯಲ್ಲಿ ವಿನೆಗರ್‌ನದೇ ರಾಜ್ಯಭಾರ.

ಮಗನನ್ನು ಬೈಯುವ ಹಾಗೂ ಇಲ್ಲ. ಐದು ವರ್ಷದ ಮಕ್ಕಳಲ್ಲಿ ನೂರಕ್ಕೆ ಸುಮಾರು 15 ಮಂದಿ ಇದೇ ಸಂಘದ ಸದಸ್ಯರು. ರಾತ್ರಿ ಮೂತ್ರದ ಪ್ರಮಾಣ ತಗ್ಗಿಸುವ ಹಾರ್ಮೋನು ಕೆಲವರಲ್ಲಿ ತಡವಾಗಿ ಹದಕ್ಕೆ ಬರುತ್ತದೆ, ಮೂತ್ರಕೋಶ ತುಂಬಿದ ಸುದ್ದಿ ಗಾಢ ನಿದ್ದೆಯಲ್ಲಿರುವ ಮಿದುಳಿಗೆ ಮುಟ್ಟುವುದಿಲ್ಲ. ಜೊತೆಗೆ ಇದು ವಂಶದಲ್ಲಿ ಹರಿದುಬರುವ ಗುಣವೂ ಹೌದು. ಇದನ್ನೆಲ್ಲ ಫೋನಿನಲ್ಲಿ ಅಮ್ಮನಿಗೆ ವಿವರಿಸುತ್ತಿದ್ದೆ, ಸ್ಪೀಕರ್ ಹಾಕಿಕೊಂಡು. ಅದೇ ನನ್ನ ತಪ್ಪು. "ನೀನು ಎರಡನೇ ತರಗತಿಯವರೆಗೂ ಬಿಡಲಿಲ್ಲವಲ್ಲೋ!" ಎಂದು ಅಮ್ಮ ನಕ್ಕಳು. ಹೆಂಡತಿ ನನ್ನನ್ನೊಮ್ಮೆ, ಹಾಸಿಗೆಯನ್ನೊಮ್ಮೆ ನೋಡಿದಳು. ಅಂದಿನಿಂದ ಒರೆಸುವ ಕೆಲಸ ಪಿತ್ರಾರ್ಜಿತವಾಗಿ ಸಂಪೂರ್ಣ ನನ್ನದು.

ಮೊನ್ನೆ ಭಾರಿ ಯೋಜನೆ ಹಾಕಿ, ಮಗನ ಹಾಸಿಗೆಗೆ ರಬ್ಬರ್ ಶೀಟು, ಅದರ ಮೇಲೊಂದು ಹಾಸು, ಮತ್ತೆ ರಬ್ಬರ್ ಶೀಟು, ಮತ್ತೆ ಹಾಸು ಹೊದಿಸಿದೆ. ಮೇಲಿನ ಜೋಡಿ ನೆನೆದರೆ ಎಳೆದು ಬಿಸಾಡಿದರಾಯಿತು, ಕೆಳಗೆ ಇನ್ನೊಂದು ಸಿದ್ಧ. ಪ್ರಳಯ ಬಂದರೂ ಹಾಸಿಗೆಗೆ ಹನಿ ತಾಕದು ಎಂದು ಎದೆಯುಬ್ಬಿಸಿ ಮಲಗಿದೆ.

ಮಗನಿಗೆ ಹೊರಳಿದಾಗಲೆಲ್ಲ ಆ ಶೀಟಿನ ಸದ್ದು ಹಿಡಿಸಲಿಲ್ಲವಂತೆ. ದಿಂಬು ಹಿಡಿದು ಬಂದು ನಮ್ಮಿಬ್ಬರ ನಡುವೆ ಮಲಗಿದ. ನಮ್ಮ ಹಾಸಿಗೆಗೆ ರಬ್ಬರ್ ಶೀಟು ಇರಲಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ನನ್ನ ಬೆನ್ನು ಬೆಚ್ಚಗಾಯಿತು.