ಪರ-ವಿರೋಧ: ಕಲಾ ಮ್ಯೂಸಿಯಂ ಕಟ್ಟಡವೇ ಕಣ್ಣು ಕುಕ್ಕಬೇಕೇ?

ಚಿಕ್ಕಮಗಳೂರಿಗೆ ಒಂದು ಆಧುನಿಕ ಕಲಾ ಮ್ಯೂಸಿಯಂ ಬಂದರೆ, ಅದರ ಕಟ್ಟಡವೇ ಜನ ನಿಂತು ನೋಡುವಂತಿರಬೇಕೇ? ಇಬ್ಬರನ್ನು ಕೇಳಿದೆವು.

ಪರ: ಮೊದಲು ಒಳಗೆ ಬರಬೇಕಲ್ಲ

ನಾನು ಸಿವಿಲ್ ಎಂಜಿನಿಯರ್. ಹೋಂಸ್ಟೇ, ಕಲ್ಯಾಣ ಮಂಟಪ ಕಟ್ಟಿಸಿ ಹೊಟ್ಟೆ ಹೊರೆದುಕೊಂಡವನು. ಪರ ಬರೆಯುವವರು ಬೇಕು ಅಂದರು, ಒಪ್ಪಿಕೊಂಡೆ. ವಿರೋಧ ಬರೆಯುವ ಮೇಷ್ಟ್ರು ಯಾರು ಅಂತ ಆಮೇಲೆ ಗೊತ್ತಾಯಿತು. ಮೊದಲೇ ಗೊತ್ತಿದ್ದರೆ ಯೋಚಿಸುತ್ತಿದ್ದೆ.

ನನ್ನ ವಾದ ಇಷ್ಟೇ. ಜನ ಮೊದಲು ಒಳಗೆ ಬರಬೇಕು. ನಮ್ಮೂರಿಗೆ ಬರುವವರು ಮುಳ್ಳಯ್ಯನಗಿರಿಗೆ ಬರುತ್ತಾರೆ, ಕಾಫಿಗೆ ಬರುತ್ತಾರೆ. ಚಿತ್ರ ನೋಡಲು ಅಂತಲೇ ಯಾರು ಬರುತ್ತಾರೆ? ಕಟ್ಟಡ ರಸ್ತೆಯಿಂದಲೇ ಕೈ ಹಿಡಿದು ಎಳೆಯಬೇಕು. ಸ್ಪೇನಿನ ಬಿಲ್ಬಾವೊ ನೋಡಿ. ಉಕ್ಕು, ಹಡಗಿನ ಕೆಲಸ ನಂಬಿದ್ದ ಊರು, ಅವು ಕೈಕೊಟ್ಟ ಮೇಲೆ ಮಂಕಾಗಿತ್ತು. 1997ರಲ್ಲಿ ಅಲ್ಲಿನ ನದಿ ದಂಡೆಯಲ್ಲಿ ಗುಗೆನ್‌ಹೈಮ್ ಮ್ಯೂಸಿಯಂ ಶುರುವಾಯಿತು. ಫ್ರಾಂಕ್ ಗೆರಿಯ ವಿನ್ಯಾಸ, ಅಲೆಅಲೆಯಾಗಿ ತಿರುಚಿದ ಗೋಡೆ, ಮೇಲೆ ಟೈಟೇನಿಯಂ ತಗಡು. ಮೊದಲ ವರ್ಷವೇ 10 ಲಕ್ಷಕ್ಕಿಂತ ಜಾಸ್ತಿ ಜನ ಬಂದರು. ಒಳಗೆ ಯಾರ ಚಿತ್ರಗಳಿವೆ ಅಂತ ನನಗೆ ಗೊತ್ತಿಲ್ಲ. ಕಟ್ಟಡ ಗೊತ್ತು.

ಪ್ಯಾರಿಸ್ಸಿನ ಪಾಂಪಿಡೂ ಕಲಾ ಕೇಂದ್ರಕ್ಕೆ 1977ರಲ್ಲಿ ಪೈಪುಗಳನ್ನೆಲ್ಲ ಹೊರಗೇ ಹಾಕಿದರು. ಗಾಳಿಗೆ ನೀಲಿ, ನೀರಿಗೆ ಹಸಿರು, ಕರೆಂಟಿಗೆ ಹಳದಿ. ಎಣ್ಣೆ ಕಾರ್ಖಾನೆ ಇದ್ದ ಹಾಗಿದೆ ಅಂತ ಜನ ಬೈದರು. ಬೈದುಕೊಂಡೇ ಒಳಗೆ ಹೋದರು. ಇಲ್ಲಿ ಹಾಗೆ ಮಾಡಿದರೆ ಪ್ಲಂಬರ್ ಕೆಲಸ ಮುಗಿಸದೆ ಓಡಿಹೋದ ಅನ್ನುತ್ತಾರೆ, ಆ ಮಾತು ಬೇರೆ.

ಅಷ್ಟು ದೂರ ಯಾಕೆ? ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ಇದೆಯಲ್ಲ, ಅದಕ್ಕೆ ಹೊರಗೆಲ್ಲ ಸ್ಟೀಲ್ ಹೊದಿಕೆ. ಮಗಳು ನೋಡಿದವಳೇ, 'ಅಪ್ಪಾ, ಇದೇನು ನೀರಿನ ಟ್ಯಾಂಕಾ?' ಅಂದಳು. ವಿನ್ಯಾಸ ಮಾಡಿದವರ ತಲೆಯಲ್ಲಿ ಇದ್ದದ್ದೂ ಸ್ಟೀಲ್ ಟ್ಯಾಂಕೇ! ಒಳಗೆ ಹೋಗೋಣ ಅಂತ ಹಟ ಹಿಡಿದಳು, ಹೋದೆವು. ಒಳಗೆ ಏನು ನೋಡಿದೆ ಅಂತ ಕೇಳಿದರೆ ನನಗೆ ಈಗ ಲಿಫ್ಟ್ ಮಾತ್ರ ನೆನಪಿದೆ. ಇರಲಿ, ಒಳಗೆ ಹೋದದ್ದಂತೂ ನಿಜ.

ಕೊನೆಗೆ ಬೇಲೂರು. 1117ರಲ್ಲಿ ಆ ಗುಡಿ ಕಟ್ಟಿದವರು 'ದೇವರು ಒಳಗಿದ್ದಾನೆ, ಹೊರಗಿನ ಗೋಡೆ ಸಾದಾ ಇದ್ದರೆ ಸಾಕು' ಅಂದರಾ? ಇಂದು ಸಾದಾ ಕಟ್ಟಡ ಅಂದರೆ ಏನು ಬರುತ್ತದೆ ಅಂತ ನಿಮಗೂ ಗೊತ್ತು. ಹಳದಿ ಬಣ್ಣ, ಗ್ರಿಲ್ ಬಾಗಿಲು, ಮೂಲೆಯಲ್ಲಿ ಮುರಿದ ಕುರ್ಚಿ. ಸೋರುತ್ತದೆ ಅಂತ ಮೇಷ್ಟ್ರು ಹೇಳುತ್ತಾರೆ. ವಾಟರ್‌ಪ್ರೂಫಿಂಗ್ ಮಾಡಿಸಿದರಾಯಿತು.

ವಿರೋಧ: ಮೊದಲು ಸೂರು ನೋಡಿ

ಪರ ಬರೆಯುವವರು ಬಿಲ್ಬಾವೊ ತರುತ್ತಾರೆ, ಆಮೇಲೆ ಬೇಲೂರು ತರುತ್ತಾರೆ. ಬೇಲೂರು ಹಾಸನ ಜಿಲ್ಲೆಯದು, ಅದನ್ನು ಅವರಿಗೇ ಬಿಡೋಣ. ಬಿಲ್ಬಾವೊದವರು ಮ್ಯೂಸಿಯಂಗೆ ಮುಂಚೆ, 1995ರಲ್ಲೇ ಮೆಟ್ರೋ ಓಡಿಸಿದರು, ಕೊಳೆತ ನದಿಯನ್ನು ತೊಳೆದರು. ಅದನ್ನು ಯಾರೂ ಹೇಳಲ್ಲ. ತಗಡಿನ ಕಟ್ಟಡದ ಮುಂದೆ ನಿಂತು ಸೆಲ್ಫಿ ತೆಗೆಯುವುದೇ ಕಲೆ ಅನ್ನುವುದಾದರೆ ಮ್ಯೂಸಿಯಂ ಯಾಕೆ? ಬೈಪಾಸಿನಲ್ಲಿ ಒಂದು ದೊಡ್ಡ ಕಾಫಿ ಲೋಟ ನಿಲ್ಲಿಸಿ, ಸಾಕು.

ನಾನು 34 ವರ್ಷ ಡ್ರಾಯಿಂಗ್ ಮೇಷ್ಟ್ರು. ಜಾಸ್ತಿ ವರ್ಷ ಕೊಪ್ಪದ ಕಡೆ. ಒಂದು ಸಲ ನನ್ನ 22 ಜಲವರ್ಣ ಚಿತ್ರಗಳನ್ನು ಹೊಸದಾಗಿ ಕಟ್ಟಿದ್ದ ಒಂದು ಸಭಾಂಗಣದಲ್ಲಿ ಇಟ್ಟಿದ್ದೆವು. ಚೆಂದದ ಕಟ್ಟಡ. ಮುಂದೆ ಪೂರ್ತಿ ಗಾಜು, ಮೇಲೆ ಸಪಾಟು ತಾರಸಿ, ಸುತ್ತ ವಿಚಿತ್ರ ಆಕಾರದ ಪ್ಯಾರಪೆಟ್. ಉದ್ಘಾಟನೆಗೆ ಬಂದವರೆಲ್ಲ ಗೋಡೆ ತಟ್ಟಿ ನೋಡಿ ಹೊಗಳಿದರು. ಅವತ್ತು ರಾತ್ರಿ ಪುನರ್ವಸು ಮಳೆ ಹಿಡಿಯಿತು. ನಾಲ್ಕು ದಿನ ಬಿಡಲಿಲ್ಲ. ಪ್ಯಾರಪೆಟ್ ಒಳಗೆ ನೀರು ಕೆರೆಯ ಹಾಗೆ ನಿಂತು ಗೋಡೆಗೆ ಇಳಿಯಿತು. ಐದನೇ ದಿನ ಹೋಗಿ ನೋಡಿದರೆ ಕಾಗದ ಅಲೆಅಲೆಯಾಗಿ ಉಬ್ಬಿತ್ತು, ಗೆರಿಯ ಗೋಡೆಯ ಹಾಗೆ. ಆರು ಚಿತ್ರಗಳಿಗೆ ಬೂಷ್ಟು. ನೋಡಿಕೊಳ್ಳುತ್ತಿದ್ದವರನ್ನು ಕೇಳಿದರೆ, 'ಮಳೆಗಾಲದಲ್ಲಿ ಯಾಕಿಟ್ಟಿರಿ ಮೇಷ್ಟ್ರೇ?' ಅಂದರು. ಮಲೆನಾಡಿನಲ್ಲಿ ಮಳೆಗಾಲ ಬಿಟ್ಟು ಬದುಕಲು ಆಗುತ್ತದಾ?

ಮನೆಗೆ ತಂದೆ. ಮನೆಯಾಕೆ ಹತ್ತಿಯಲ್ಲಿ ಒಂದೊಂದನ್ನೇ ಒರೆಸಿ, ಒಲೆಯ ಮೇಲಿನ ಅಟ್ಟದಲ್ಲಿ ಅಡಿಕೆ ಪಕ್ಕ ಹರವಿದಳು. ವಾರದಲ್ಲಿ ಒಣಗಿದವು. ಹೊಗೆ ವಾಸನೆ ಹೋಗಲು ಮಾತ್ರ ಒಂದು ವರ್ಷ ಬೇಕಾಯಿತು.

ಆ ಅಟ್ಟ ಕಟ್ಟಿದ ಗಾರೆಯವನು ಯಾವ ಪುಸ್ತಕವನ್ನೂ ಓದಿರಲಿಲ್ಲ. ಇಳಿಜಾರು ಹೆಂಚಿನ ಮಾಡು ಹಾಕಿದ, ಸೂರನ್ನು ಗೋಡೆಯಿಂದ ಮೂರು ಅಡಿ ಮುಂದೆ ಚಾಚಿದ. ಕತ್ತಲೆ ಕೋಣೆಗೆ ಎರಡು ಗಾಜಿನ ಹೆಂಚು ಇಟ್ಟ. ಅಮೆರಿಕದಲ್ಲಿ ಲೂಯಿ ಕಾನ್ ಕಟ್ಟಿದ ಕಿಂಬೆಲ್ ಮ್ಯೂಸಿಯಂ ಇದೆ, 1972ರದ್ದು. ಕಮಾನಿನ ನೆತ್ತಿಯಲ್ಲಿ ಉದ್ದಕ್ಕೆ ಒಂದು ಸೀಳು, ಅದರ ಕೆಳಗೆ ಅಲ್ಯೂಮಿನಿಯಂ ರೆಕ್ಕೆ. ಬಿಸಿಲು ಅದಕ್ಕೆ ಬಡಿದು ಕಮಾನಿಗೆ ಹರಡಿ ಬೆಳ್ಳಗೆ ಕೆಳಗಿಳಿಯುತ್ತದೆ. ಫೋಟೋ ನೋಡಿದಾಗ ನನಗೆ ನೆನಪಾದದ್ದು ಅಜ್ಜಿಯ ಅಡುಗೆಮನೆ. ಜಲವರ್ಣಕ್ಕೆ ಮ್ಯೂಸಿಯಂಗಳು ಕೊಡುವುದು ಬರೀ 50 ಲಕ್ಸ್ ಬೆಳಕು, ದೀಪ ಹಚ್ಚುವ ಹೊತ್ತಿನ ಮಬ್ಬು ಅನ್ನಿ. ಗಾಜಿನ ಗೋಡೆ ಹಾಕಿ ಪಡುವಣ ಬಿಸಿಲು ಬಿಟ್ಟರೆ ಚಿತ್ರದ ಬಣ್ಣ ಹಾರಿಹೋಗುತ್ತದೆ, ಕಟ್ಟಡದ ಹೆಸರು ಉಳಿಯುತ್ತದೆ.

ಚಿತ್ರ ಬರೆಯುವವರ ಮಾತು ಯಾರು ಕೇಳಿದ್ದಾರೆ? ನ್ಯೂಯಾರ್ಕಿನ ಗುಗೆನ್‌ಹೈಮ್ ಕಟ್ಟುವಾಗ, 1956ರಲ್ಲಿ, 21 ಕಲಾವಿದರು ಪತ್ರ ಬರೆದು ಬೇಡ ಅಂದರು. ಸುರುಳಿ ಇಳಿಜಾರು, ಬಾಗಿದ ಗೋಡೆ, ಅಲ್ಲಿ ಚಿತ್ರ ನೆಟ್ಟಗೆ ನೇತುಹಾಕುವುದು ಹೇಗೆ? ವಿನ್ಯಾಸ ಮಾಡಿದ ಫ್ರಾಂಕ್ ಲಾಯ್ಡ್ ರೈಟ್ ಕಿವಿಗೆ ಹಾಕಿಕೊಳ್ಳಲಿಲ್ಲ. 1959ರಲ್ಲಿ ಬಾಗಿಲು ತೆರೆಯಿತು. ಅಷ್ಟರಲ್ಲಿ ಅವರೂ ಇರಲಿಲ್ಲ.

ನನ್ನನ್ನು ಕೇಳಿದರೆ ಹೊಸದು ಕಟ್ಟುವುದೇ ಬೇಡ. ಲಂಡನ್ನಿನವರು ಹಳೇ ವಿದ್ಯುತ್ ಸ್ಥಾವರವನ್ನೇ 2000ದಲ್ಲಿ ಟೇಟ್ ಮಾಡರ್ನ್ ಕಲಾ ಮ್ಯೂಸಿಯಂ ಮಾಡಿಕೊಂಡರು. ನಮ್ಮಲ್ಲಿ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಿವೆ. ಎತ್ತರದ ಮಾಡು, ದಪ್ಪ ಗೋಡೆ, ದೊಡ್ಡ ಹಜಾರ. ಕಾಫಿ ಬೀಜಕ್ಕೆ ಥಂಡಿ ಹಿಡಿಯಬಾರದು ಅಂತ ಕಟ್ಟಿದ ಗೋಡೌನುಗಳು ಅವು. ಕಾಗದಕ್ಕೆ ಬೇಕಾದದ್ದೂ ಅದೇ ಅಲ್ವಾ? ಬಳಕೆ ತಪ್ಪಿದ್ದೊಂದು ಸಿಕ್ಕರೆ ಸುಣ್ಣ ಬಳಿದು ಕೊಡಿ, ಉಳಿದ ದುಡ್ಡಲ್ಲಿ ಚಿತ್ರ ಕೊಳ್ಳಿ. ಪೇಟೆಯಲ್ಲಿ ಕೊಪ್ಪದಷ್ಟು ಮಳೆ ಇಲ್ಲ ಅನ್ನುವವರು ಜುಲೈನಲ್ಲಿ ಒಂದು ಜಮಖಾನ ಒಗೆದು ಒಣಗಿಸಿ ತೋರಿಸಲಿ.

ಬೂಷ್ಟು ಹಿಡಿದ ಆರು ಚಿತ್ರಗಳಲ್ಲಿ ಒಂದು ಈಗಲೂ ನಮ್ಮ ಜಗುಲಿಯಲ್ಲಿದೆ. ಬಾಬಾಬುಡನ್‌ಗಿರಿಯ ಸಾಲು, ಮೇಲೆ ಬೆಳ್ಳಗೆ ಹರಡಿದ ಕಲೆ. ಬಂದವರು ಮಂಜು ಎಷ್ಟು ಚೆನ್ನಾಗಿ ಬರೆದಿದ್ದೀರಿ ಮೇಷ್ಟ್ರೇ ಅನ್ನುತ್ತಾರೆ. ನಾನು ಸುಮ್ನೆ ಇರುತ್ತೇನೆ.