ಹೆಬ್ಬೆಟ್ಟು ಕಂಡರೆ ಮುಖ ಸಿಂಡರಿಸುವ ಬ್ಯಾಂಕಿನವರಿಗೆ

ಸೋಮವಾರದಿಂದ ತಲೆ ಕೆಟ್ಟಿದೆ. ಇಲ್ಲಿ ಬರೆದು ಹಾಕದಿದ್ದರೆ ಮನೆಯಲ್ಲಿ ರೇಗುತ್ತೇನೆ. ನನ್ನಾಕೆ ಈಗಾಗಲೇ ಎರಡು ಸಲ ಎಚ್ಚರಿಸಿದ್ದಾಳೆ.

ಊರಿಗೆ ಬಂದವನು ಪಾಸ್‌ಬುಕ್ ಹಿಡಿದು ಬ್ಯಾಂಕಿನಲ್ಲಿ ಸಾಲು ನಿಂತಿದ್ದೆ. ನನ್ನ ಮುಂದೆ ಎಪ್ಪತ್ತು ದಾಟಿದ ಅಜ್ಜಿ. ಗೃಹಲಕ್ಷ್ಮಿಯ ಎರಡು ಸಾವಿರ ತೆಗೆಯಬೇಕಿತ್ತು. ಕೌಂಟರಿನ ಹುಡುಗ ತಲೆ ಎತ್ತದೆಯೇ, "ಇಷ್ಟು ಸಣ್ಣ ಮೊತ್ತಕ್ಕೆ ಇಲ್ಲಿಗೆ ಬರಬೇಡಿ, ಹೊರಗೆ ಬ್ಯಾಂಕ್ ಮಿತ್ರ ಇದ್ದಾನೆ" ಎಂದ. ಬ್ಯಾಂಕಿನ ಪರವಾಗಿ ಬೆರಳಚ್ಚು ಪಡೆದು ಹಣ ಕೊಡುವ ಏಜೆಂಟನೇ ಈ ಬ್ಯಾಂಕ್ ಮಿತ್ರ. ಅಜ್ಜಿ ಅಲ್ಲಿಗೂ ಹೋಗಿ ಬಂದಿದ್ದಳು. ಯಂತ್ರದ ಮೇಲೆ ಹತ್ತೂ ಬೆರಳು ಒತ್ತಿಸಿದ್ದರಂತೆ, ಒಂದೂ ಮೂಡಿರಲಿಲ್ಲ. ಕಳೆ ಕಿತ್ತು, ಹತ್ತಿ ಬಿಡಿಸಿ ಗೆರೆಗಳೇ ಸವೆದ ಬೆರಳು ಮೂಡುವುದಾದರೂ ಹೇಗೆ? "ಹಾಗಾದರೆ ಆಧಾರ್ ಸರಿಪಡಿಸಿಕೊಂಡು ಬಾ." ಮೊದಲ ಮಾತಿನ 'ಬರಬೇಡಿ' ಎರಡನೆಯದಕ್ಕೆ 'ಬಾ' ಆಗಿತ್ತು.

ನನಗೆ ಮ್ಹಸವಡದ ನೆನಪಾಯಿತು. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಬರದ ಸೀಮೆಯ ಊರು ಅದು. ಮಳೆಗಾಲಕ್ಕೆ ಮುಂಚೆ ಗುಡಿಸಲಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಲು ಒಬ್ಬ ಕಮ್ಮಾರ ಹೆಣ್ಣುಮಗಳಿಗೆ ದುಡ್ಡು ಕೂಡಿಡಬೇಕಿತ್ತು. ಸಾಲವನ್ನಲ್ಲ, ಕೂಡಿಡಲು ಒಂದು ಖಾತೆಯನ್ನು ಕೇಳಿದ್ದಕ್ಕೆ ಬ್ಯಾಂಕು ಆಗುವುದಿಲ್ಲ ಎಂದಿತು. ಅವರೇ ಕೊಡುವುದಿಲ್ಲ ಎಂದಮೇಲೆ ನಾವೇ ಬ್ಯಾಂಕು ಮಾಡೋಣ ಎಂದು ಅಲ್ಲಿನ ಸಾಮಾಜಿಕ ಕಾರ್ಯಕರ್ತೆ ಚೇತನಾ ಗಾಲಾ ಸಿನ್ಹಾ ಹೊರಟರು. ರಿಸರ್ವ್ ಬ್ಯಾಂಕು ಮೊದಲ ಅರ್ಜಿಯನ್ನು ತಿರಸ್ಕರಿಸಿತು. ಕಾರಣ, ಪ್ರವರ್ತಕರಲ್ಲಿ ಓದು ಬಾರದವರಿದ್ದರು. ಹೆಂಗಸರು ಅತ್ತರು, ಆಮೇಲೆ ಅಕ್ಷರ ಕಲಿತರು. ತಿಂಗಳುಗಳ ನಂತರ ಮತ್ತೆ ಹೋಗಿ ಅಧಿಕಾರಿಗಳ ಎದುರೇ ಸವಾಲು ಹಾಕಿದರು: ಯಾವ ಅಸಲನ್ನಾದರೂ ಹೇಳಿ, ಬಡ್ಡಿ ನಾವು ಬಾಯಲ್ಲೇ ಹೇಳುತ್ತೇವೆ, ನಿಮ್ಮವರು ಕ್ಯಾಲ್ಕುಲೇಟರ್ ಇಲ್ಲದೆ ಹೇಳಲಿ. 1997ರಲ್ಲಿ ಮಾಣ ದೇಶಿ ಮಹಿಳಾ ಸಹಕಾರಿ ಬ್ಯಾಂಕು ಬಾಗಿಲು ತೆರೆಯಿತು. ಬ್ಯಾಂಕಿಗೆ ಬಂದರೆ ಆ ದಿನದ ಕೂಲಿ ಹೋಗುತ್ತದೆ ಎಂದು ಹೆಂಗಸರು ಹೇಳಿದಾಗ ಬ್ಯಾಂಕೇ ಅವರ ಬಾಗಿಲಿಗೆ ಹೋಯಿತು.

ಅಂದರೆ ಆಗ ಹೆಬ್ಬೆಟ್ಟು ಒತ್ತುವವರಿಗೆ ಬ್ಯಾಂಕು ಕೊಡುವುದಿಲ್ಲ ಎಂದರು. ಈಗ ಹೆಬ್ಬೆಟ್ಟು ಮೂಡದವರಿಗೆ ಅವರದೇ ದುಡ್ಡನ್ನು ಕೊಡುವುದಿಲ್ಲ. ಇದಕ್ಕೆ ಹಣಕಾಸು ಸೇರ್ಪಡೆ ಎಂದು ಹೆಸರು!

ನಾನು ಸಾಚಾ ಅಲ್ಲ. ಮೂವತ್ತೊಂದು ವರ್ಷ ಕೌಂಟರಿನ ಆ ಬದಿಯಲ್ಲಿ ಕುಳಿತವನು ನಾನು, ನಿಮಗೆಲ್ಲ ಗೊತ್ತಿರುವುದೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕುರಿ ಸಾಕುವ ನಾಲ್ಕೈದು ಹೆಂಗಸರು ಖಾತೆ ಕೇಳಿಕೊಂಡು ಬಂದಿದ್ದರು. ವಾರಕ್ಕೆ ಹತ್ತು ರೂಪಾಯಿ ಕಟ್ಟುತ್ತೇವೆ ಎಂದರು. ಲೆಡ್ಜರ್ ಹಾಳೆಯ ಖರ್ಚೂ ಹುಟ್ಟುವುದಿಲ್ಲ ಎಂದು ಲೆಕ್ಕ ಹಾಕಿ ಸಾಗಹಾಕಿದೆ. ಮ್ಯಾನೇಜರು ಬೆನ್ನು ತಟ್ಟಿದರು. ಆ ಹೆಂಗಸರು ದುಡ್ಡನ್ನು ಎಲ್ಲಿಟ್ಟರೋ, ಯಾರು ನುಂಗಿದರೋ. ಆ ಹುಡುಗನ ಮೇಲೆ ಇಷ್ಟು ಸಿಟ್ಟು ಬಂದಿದ್ದು ಅದಕ್ಕೇ ಇರಬೇಕು.

ಇದನ್ನೇ ಹಳೆಯ ಸಹೋದ್ಯೋಗಿಯ ಬಳಿ ಹೇಳಿ, ನಮ್ಮ ಕಡೆಯ ಸ್ವಸಹಾಯ ಸಂಘದವರೂ ಸೇರಿ ಇಂಥದ್ದೊಂದು ಬ್ಯಾಂಕು ಕಟ್ಟಬಾರದೇಕೆ ಎಂದೆ. "ಸಹಕಾರಿ ಬ್ಯಾಂಕೇ? ನುಂಗಿ ನೀರು ಕುಡಿಯುತ್ತಾರೆ ಮಾರಾಯರೇ" ಎಂದು ನಕ್ಕರು. ನುಂಗಿದವರು ಇದ್ದಾರೆ, ಒಪ್ಪಿದೆ. ನಿರ್ದೇಶಕರ ಚುನಾವಣೆಗೆ ವಿಧಾನಸಭೆಯ ಚುನಾವಣೆಯಷ್ಟೇ ಬಾಡೂಟ ನಡೆಯುವುದನ್ನೂ ನೋಡಿದ್ದೇನೆ. ಆದರೆ 2016ರಲ್ಲಿ ಲಂಡನ್ನಿನ ವಿಮಾನ ಹತ್ತಿದ ಮದ್ಯದ ದೊರೆ ಯಾವ ಪತ್ತಿನ ಸಂಘದ ಸಾಲಗಾರ? ಅವರಿಗೆ ಸಾಲ ಕೊಟ್ಟವರು ಹೆಬ್ಬೆಟ್ಟಿನವರೇ? ಐದು ಲಕ್ಷದವರೆಗಿನ ಠೇವಣಿ ವಿಮೆ ಸಹಕಾರಿ ಬ್ಯಾಂಕಿಗೂ ಇದೆ. (ಪತ್ತಿನ ಸಂಘಗಳಿಗೆ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆಮೇಲೆ ಜಗಳಕ್ಕೆ ಬರಬೇಡಿ.)

ಇನ್ನೊಂದು ಮಾತು. ಗದಗಿನ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ಪತ್ತಿನ ಸಹಕಾರ ಸಂಘ ಕಟ್ಟಿದರು. ಕಾನೂನು ಬಂದದ್ದು 1904ರಲ್ಲಿ, ಮರುವರ್ಷವೇ ಸಂಘ. ಆಗ ಆ ಊರಿನಲ್ಲಿ ಎಷ್ಟು ಜನ ಪದವೀಧರರಿದ್ದರು, ಕೇಳಿ ನನ್ನ ಮಿತ್ರರನ್ನು. ಎಷ್ಟು ಷೇರು ಇದ್ದರೂ ತಲೆಗೊಂದೇ ಮತ ಎನ್ನುವ ಪದ್ಧತಿ ಹೊಲದವರಿಗೆ ಅರ್ಥವಾಯಿತು, ನಮ್ಮಂಥ ಬ್ಯಾಂಕಿನವರಿಗೆ ಇಂದಿಗೂ ಆಗಿಲ್ಲ.

ಸೋಮವಾರದ ಕಥೆ ಅರ್ಧಕ್ಕೇ ನಿಂತಿತು. ಓದು ಬಾರದ ಖಾತೆದಾರರು ಹಣ ತೆಗೆಯುವ ಚೀಟಿಗೆ ಅಧಿಕಾರಿಯ ಎದುರು ಹೆಬ್ಬೆಟ್ಟು ಒತ್ತಿ ಹಣ ಪಡೆಯಬಹುದು, ಯಂತ್ರ ಬೇಕಿಲ್ಲ ಎಂದೆ. ಹುಡುಗ ನನ್ನ ಮುಖ ನೋಡಿದ. ನಾನು ಯಾರು ಎಂದು ಹೇಳಿದೆ. ಆಗ ಕುರ್ಚಿ ಬಂತು (ನನಗೆ, ಅಜ್ಜಿಗಲ್ಲ). ಡ್ರಾಯರಿನ ಮೂಲೆಯಿಂದ ಒಣಗಿದ ಶಾಯಿಯ ಪ್ಯಾಡ್ ಹೊರಬಂತು, ನೀರು ಚಿಮುಕಿಸಿದರು, ಒತ್ತಿಸಿದರು, ದುಡ್ಡು ಕೊಟ್ಟರು.

ಅಜ್ಜಿ ಎರಡು ಸಲ ಎಣಿಸಿದಳು. ಒಂದು ನೋಟನ್ನು ಬೆಳಕಿಗೆ ಹಿಡಿದು, ಹರಿದ ಅಂಚನ್ನು ಬೆರಳಲ್ಲಿ ಸವರಿ ನೋಡಿ, ಕಿಂಡಿಯೊಳಗೆ ವಾಪಸು ತಳ್ಳಿದಳು.

"ಇದು ನಡೆಯುವುದಿಲ್ಲ ತಮ್ಮಾ, ಬೇರೆಯದು ಕೊಡು."