ಆರು ವರ್ಷದ ಕೆಲಸಕ್ಕೆ ಆರು ಗಂಟೆಯ ರಾತ್ರಿ

ನಿನ್ನೆ ಸಂಜೆಯಿಂದ ತಲೆ ಬಿಸಿಯಾಗಿದೆ. ಬರೆದರೆ ಸ್ವಲ್ಪ ಇಳಿಯಬಹುದು ಎಂದು ಕೂತಿದ್ದೇನೆ.

ನನ್ನ ಕೆಲಸ ನಿಮಗೆ ಗೊತ್ತು. ಸರ್ವರ್‌ಗಳ ಸ್ಟೋರೇಜ್ ನೋಡಿಕೊಳ್ಳುವುದು, ಹೆಚ್ಚಾಗಿ ಸೆಫ್, ಅಂದರೆ ಹಲವು ಯಂತ್ರಗಳ ಡಿಸ್ಕ್‌ಗಳನ್ನು ಸೇರಿಸಿ ಒಂದೇ ದೊಡ್ಡ ಸಂಗ್ರಹ ಮಾಡುವ ಉಚಿತ ಸಾಫ್ಟ್‌ವೇರ್. ನಿನ್ನೆ ಒಂದು ಕಡೆ ಕರೆಸಿದ್ದರು. 2016ರಲ್ಲಿ ಸೆಫ್‌ನ ಜ್ಯುವೆಲ್ ಆವೃತ್ತಿ ಹಾಕಿ ಕಟ್ಟಿದ ಕ್ಲಸ್ಟರ್, ಅಂದರೆ ಒಟ್ಟಾಗಿ ಕೆಲಸ ಮಾಡುವ ಯಂತ್ರಗಳ ಗುಂಪು. ಯಾರೋ ಶ್ರದ್ಧೆಯುಳ್ಳವರು ಅದನ್ನು ಆಮೇಲಿನ ನಾಟಿಲಸ್ ಆವೃತ್ತಿಯವರೆಗೆ ತಂದಿದ್ದಾರೆ. ಅವರು ಕೆಲಸ ಬಿಟ್ಟರು, ಕ್ಲಸ್ಟರ್ ಅಲ್ಲೇ ನಿಂತಿತು. ನಾಟಿಲಸ್ ಬಂದದ್ದು 2019ರಲ್ಲಿ, ಅದರ ಕೊನೆಯ ಬಿಡುಗಡೆ 14.2.22 ಬಂದದ್ದು 2021ರ ಜೂನ್‌ನಲ್ಲಿ. ಆಮೇಲೆ ಅದಕ್ಕೆ ಒಂದು ತೇಪೆಯೂ ಬಂದಿಲ್ಲ. ಈಗ ಆಡಿಟ್‌ನವರು ಕೇಳಿದ್ದಾರೆ, ಆದ್ದರಿಂದ ಅವಸರ.

ಮ್ಯಾನೇಜರ್ ಒಳ್ಳೆಯ ಮನುಷ್ಯ, ಕಾಫಿ ಕೊಡಿಸಿ ಕೂರಿಸಿದರು. "ಸರ್, ಶನಿವಾರ ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಐದರವರೆಗೆ ಟೈಮ್ ತಗೊಂಡಿದ್ದೀವಿ. ಸ್ಕ್ವಿಡ್‌ಗೆ ತಂದುಬಿಡಿ" ಅಂದರು. ಸ್ಕ್ವಿಡ್ ಎಂದರೆ ನಾಟಿಲಸ್‌ಗಿಂತ ಎಷ್ಟೋ ಹೊಸ ಆವೃತ್ತಿ.

ಇಷ್ಟು ದಿನ ಯಾಕೆ ಮಾಡಲಿಲ್ಲ ಎಂದು ಕೇಳಿದೆ. "ನಡೀತಾ ಇತ್ತಲ್ಲ ಸರ್, ಯಾಕೆ ಕೈ ಹಾಕೋದು ಅಂತ."

ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಮುಚ್ಚಿಡುವುದಿಲ್ಲ.

ಸೆಫ್‌ನಲ್ಲಿ ಒಂದು ಅಪ್‌ಗ್ರೇಡ್‌ಗೆ ಹೆಚ್ಚೆಂದರೆ ಒಂದು ಆವೃತ್ತಿಯನ್ನು ಬಿಟ್ಟು ಹಾರಬಹುದು. ನಾಟಿಲಸ್ ಆದ ಮೇಲೆ ಆಕ್ಟೋಪಸ್, ಪೆಸಿಫಿಕ್, ಕ್ವಿನ್ಸಿ, ರೀಫ್, ಸ್ಕ್ವಿಡ್ ಎಂದು ಆವೃತ್ತಿಗಳ ಸಾಲು. ಹಾಗಾಗಿ ನಾಟಿಲಸ್‌ನಿಂದ ಪೆಸಿಫಿಕ್, ಅಲ್ಲಿಂದ ರೀಫ್, ಅಲ್ಲಿಂದ ಸ್ಕ್ವಿಡ್. ಅಂದರೆ ಮೂರು ಸಲ ಇಡೀ ಕ್ಲಸ್ಟರ್ ಸುತ್ತಬೇಕು. ಪ್ರತಿ ಸುತ್ತಿನಲ್ಲೂ ಸೆಫ್‌ನ ಒಳಗಿನ ಪ್ರೋಗ್ರಾಂಗಳನ್ನು ಸಾಲಾಗಿ ಬದಲಿಸಬೇಕು: ಮೊದಲು ಮಾನಿಟರ್ (ಕ್ಲಸ್ಟರ್‌ನ ಸ್ಥಿತಿ ನೋಡುವುದು), ಆಮೇಲೆ ಮ್ಯಾನೇಜರ್ ಡೀಮನ್ (ಅಂಕಿಅಂಶ ನೋಡುವುದು), ಆಮೇಲೆ ಓಎಸ್‌ಡಿ (ಒಂದೊಂದು ಡಿಸ್ಕ್ ನೋಡಿಕೊಳ್ಳುವುದು), ಎಂಡಿಎಸ್ (ಫೈಲ್, ಫೋಲ್ಡರ್‌ಗಳ ವಿವರ ಇಡುವುದು), ಕೊನೆಗೆ ಗೇಟ್‌ವೇ (ಹೊರಗಿನ ಅಪ್ಲಿಕೇಶನ್‌ಗಳಿಗೆ ಬಾಗಿಲು). ಇದಿಷ್ಟೇ ಆಗಿದ್ದರೆ ಹೇಗೋ ಮಾಡಬಹುದಿತ್ತು. ಆ ಯಂತ್ರಗಳಲ್ಲಿರುವುದು ಸೆಂಟ್‌ಓಎಸ್ 7 ಎಂಬ ಲಿನಕ್ಸ್. ಪೆಸಿಫಿಕ್ ಪ್ಯಾಕೇಜುಗಳು ಅದಕ್ಕೆ ಬರಲೇ ಇಲ್ಲ. ಆ ಓಎಸ್‌ನ ಆಯಸ್ಸೂ 2024ರ ಜೂನ್ 30ಕ್ಕೆ ಮುಗಿದಿದೆ. ಹಾಗಾಗಿ ಒಂದೊಂದೇ ನೋಡ್ (ಯಂತ್ರ) ಸೇವೆಯಿಂದ ಇಳಿಸಿ ಓಎಸ್ ಬದಲಿಸಬೇಕು.

ಅದಕ್ಕಿಂತ ಒಳಗಿನ ಕಥೆ ಇನ್ನೊಂದಿದೆ. ಮಾನಿಟರ್‌ನ ಡೈರೆಕ್ಟರಿಗೆ ಹೋಗಿ ಕೆವಿ_ಬ್ಯಾಕೆಂಡ್ ಎಂಬ ಸಣ್ಣ ಫೈಲ್ ತೆರೆದೆ. ಮಾನಿಟರ್ ತನ್ನ ಮಾಹಿತಿ ಇಡುವ ಡೇಟಾಬೇಸ್ ಯಾವುದು ಎಂದು ಅದರಲ್ಲಿರುತ್ತದೆ. ಲೆವೆಲ್‌ಡಿಬಿ ಎಂದಿತ್ತು, ಹಳೆಯದು. ಕ್ವಿನ್ಸಿಯಿಂದ ಅದಕ್ಕೆ ಬೆಂಬಲ ಇಲ್ಲ. ಮಾನಿಟರ್‌ಗಳನ್ನು ಒಂದೊಂದಾಗಿ ತೆಗೆದು ಹೊಸದಾಗಿ ಕಟ್ಟಿದರೆ ಸರಿಹೋಗುತ್ತದೆ, ಅದು ದೊಡ್ಡ ವಿಷಯವಲ್ಲ. ದೊಡ್ಡದು ಡಿಸ್ಕ್‌ಗಳದ್ದು. 96 ಡಿಸ್ಕ್‌ಗಳಲ್ಲಿ 48 ಇನ್ನೂ ಫೈಲ್‌ಸ್ಟೋರ್, ಅಂದರೆ ಡಿಸ್ಕ್‌ನಲ್ಲಿ ದತ್ತಾಂಶ ಇಡುವ ಹಳೆಯ ಕ್ರಮ. 2017ರಲ್ಲಿ ಲ್ಯುಮಿನಸ್ ಆವೃತ್ತಿ ಬಂದಾಗಲೇ ಬ್ಲೂಸ್ಟೋರ್ ಎಂಬ ಹೊಸ ಕ್ರಮ ರೂಢಿಗೆ ಬಂತು, ರೀಫ್‌ನಲ್ಲಿ ಫೈಲ್‌ಸ್ಟೋರ್ ಕಿತ್ತೇ ಹಾಕಿದರು. ಇದ್ದಲ್ಲೇ ಬದಲಿಸುವ ದಾರಿ ಇಲ್ಲ. ಡಿಸ್ಕ್ ಖಾಲಿ ಮಾಡಬೇಕು, ಅದರಲ್ಲಿದ್ದದ್ದು ಬೇರೆ ಕಡೆ ನಕಲಾಗುವವರೆಗೆ ಕಾಯಬೇಕು, ಅಳಿಸಿ ಹೊಸದಾಗಿ ಕಟ್ಟಬೇಕು, ಮತ್ತೆ ತುಂಬಲು ಬಿಡಬೇಕು. ಹೀಗೆ 48 ಸಲ. ಇದನ್ನೆಲ್ಲ ಶನಿವಾರ ರಾತ್ರಿ ಆರು ಗಂಟೆಯಲ್ಲಿ ಮುಗಿಸಬೇಕಂತೆ.

ವರ್ಷಕ್ಕೊಮ್ಮೆ ಮಾಡಿದ್ದರೆ ಇದರಲ್ಲಿ ಯಾವುದೂ ಭಾರ ಆಗುತ್ತಿರಲಿಲ್ಲ. ನಮ್ಮೂರಲ್ಲಿ ಅಪ್ಪ ಪ್ರತಿ ಮೇ ತಿಂಗಳು ಮಾಡಿನ ಮೇಲೆ ಹತ್ತಿ ಒಡೆದ ಹೆಂಚು ಬದಲಿಸುತ್ತಿದ್ದರು. ಹತ್ತೋ ಹದಿನೈದೋ ಹೆಂಚು, ಅರ್ಧ ದಿನದ ಕೆಲಸ. ಪಕ್ಕದ ಮನೆಯವರು ನಾಲ್ಕು ವರ್ಷ ಬಿಟ್ಟರು. ಐದನೇ ವರ್ಷ ಹತ್ತಿ ನೋಡಿದರೆ ರೀಪು, ಪಕಾಸಿ ಎಲ್ಲ ಗೆದ್ದಲು ತಿಂದು ಕಾಲಿಡಲು ಜಾಗ ಇರಲಿಲ್ಲ. ನಿನ್ನೆ ಆ ಟರ್ಮಿನಲ್ ಮುಂದೆ ಕೂತಾಗ ನನಗೆ ನೆನಪಾದದ್ದು ಆ ಮಾಡು.

ಸೆಫ್ ಕಟ್ಟಿರುವುದೇ ನಡೆಯುತ್ತಿರುವಾಗ ಬದಲಿಸಲಿಕ್ಕೆ. ಸಾಮಾನ್ಯವಾಗಿ ಪ್ರತಿ ದತ್ತಾಂಶದ ಮೂರು ಪ್ರತಿ ಮೂರು ಬೇರೆ ಯಂತ್ರಗಳಲ್ಲಿರುತ್ತವೆ. ಒಂದು ಯಂತ್ರ ಇಳಿಸಿದರೂ ಎರಡು ಪ್ರತಿ ಉಳಿದು ಓದು ಬರಹ ನಡೆಯುತ್ತಲೇ ಇರುತ್ತದೆ. ಕೈ ಹಾಕುವ ಮೊದಲು ನೋಔಟ್ ಎಂಬ ಸೂಚನೆ ಹಾಕಬೇಕು. ಇಲ್ಲದಿದ್ದರೆ ಹತ್ತು ನಿಮಿಷ ಕಾಯ್ದು, ಈ ಓಎಸ್‌ಡಿ ಸತ್ತಿತು ಎಂದುಕೊಂಡು ಕ್ಲಸ್ಟರ್ ಎಲ್ಲವನ್ನೂ ಬೇರೆಡೆ ನಕಲು ಮಾಡಲು ಹೊರಡುತ್ತದೆ. ಒಂದು ನೋಡ್ ಮುಗಿಸು, ಎಲ್ಲ ಪಿಜಿ (ಸೆಫ್ ದತ್ತಾಂಶವನ್ನು ಹಂಚಿಡುವ ಗುಂಪುಗಳು) ಆ್ಯಕ್ಟಿವ್ ಕ್ಲೀನ್ ಆಗುವವರೆಗೆ, ಅಂದರೆ ಎಲ್ಲ ಪ್ರತಿಗಳೂ ಸರಿಯಾಗುವವರೆಗೆ ಕಾಯಿ, ಮುಂದಿನದಕ್ಕೆ ಹೋಗು. ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ, ಎಲ್ಲರೂ ಎಚ್ಚರ ಇರುವಾಗ, ಚಹಾ ಕುಡಿಯುತ್ತಾ ಮಾಡುವ ಕೆಲಸ ಇದು. ಹಾಗೆ ಮಾಡುವ ತಂಡಗಳನ್ನು ನೋಡಿದ್ದೇನೆ. ಅವರಿಗೆ ಅಪ್‌ಗ್ರೇಡ್ ಎಂದರೆ ಭಯ ಇಲ್ಲ.

ರಾತ್ರಿಯ ಅವಸರ ಏನು ಮಾಡುತ್ತದೆ ಎಂದು ನನಗೆ ಗೊತ್ತು. ಹಿಂದೊಮ್ಮೆ ನನಗೇ ಆದದ್ದು, ಇದನ್ನು ಇಲ್ಲಿ ಎಂದೂ ಬರೆದಿರಲಿಲ್ಲ. ಆಕ್ಟೋಪಸ್‌ಗೆ ಹೋಗುವಾಗ ಪ್ರತಿ ಓಎಸ್‌ಡಿ ಮೊದಲ ಸಲ ಎದ್ದಾಗ ಓಮ್ಯಾಪ್ (ದತ್ತಾಂಶದ ಜೊತೆ ಇಡುವ ಸಣ್ಣ ಸಣ್ಣ ಮಾಹಿತಿಯ ಪಟ್ಟಿ) ಲೆಕ್ಕವನ್ನು ಹೊಸ ರೂಪಕ್ಕೆ ಬದಲಿಸಿಕೊಳ್ಳುತ್ತದೆ. ಸಾದಾ ಹಾರ್ಡ್‌ಡಿಸ್ಕ್ ಆದರೆ ಇದಕ್ಕೆ ಗಂಟೆಗಳೇ ಹಿಡಿಯಬಹುದು ಎಂದು ಬಿಡುಗಡೆ ಟಿಪ್ಪಣಿಯಲ್ಲೇ ಬರೆದಿದ್ದರು. ನಾನು ಆ ಸಾಲು ಓದಿದ್ದೆ. ಬೆಳಗಿನ ಜಾವ ಮೂರಕ್ಕೆ, ಇನ್ನೂ ನಾಲ್ಕು ನೋಡ್ ಬಾಕಿ ಇದ್ದಾಗ, ಮರೆತೆ. ಮೊದಲ ನೋಡ್‌ನ ಡಿಸ್ಕ್‌ಗಳು ಇನ್ನೂ ಎದ್ದಿರಲಿಲ್ಲ, ಎರಡನೆಯದನ್ನು ಇಳಿಸಿದೆ. ಒಂದೇ ಪ್ರತಿ ಉಳಿದ ಪಿಜಿಗಳು ನಿಂತುಬಿಟ್ಟವು, ಅವುಗಳ ಮೇಲಿದ್ದ ವರ್ಚುವಲ್ ಯಂತ್ರಗಳೂ ನಿಂತವು. ಮುಕ್ಕಾಲು ಗಂಟೆ. ದತ್ತಾಂಶ ಹೋಗಲಿಲ್ಲ, ಆದರೆ ಆ ಮುಕ್ಕಾಲು ಗಂಟೆ ಕೈ ನಡುಗುತ್ತಿದ್ದದ್ದು ಇವತ್ತಿಗೂ ಮರೆತಿಲ್ಲ. ತಪ್ಪು ನನ್ನದೇ. ಅವತ್ತಿನ ಮೇಲೆ ರಾತ್ರಿ ಕೆಲಸಕ್ಕೆ ಒಪ್ಪಿದವನಲ್ಲ.

ಹೊಸ ಆವೃತ್ತಿಯಲ್ಲೂ ದೋಷ ಇರುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಇರುತ್ತದೆ. 2021ರ ನವೆಂಬರ್ 1ರಂದು, ಹಳೆಯದರಿಂದ ಪೆಸಿಫಿಕ್‌ಗೆ ಬರಬೇಡಿ ಎಂದು ಸೆಫ್‌ನವರೇ ಎದ್ದು ಕಾಣುವಂತೆ ಎಚ್ಚರಿಕೆ ಹಾಕಿದರು. ಅಲ್ಲಿನ ಅಂಥದೇ ಓಮ್ಯಾಪ್ ಬದಲಾವಣೆಯಲ್ಲಿ ದತ್ತಾಂಶ ಕೆಡುವ ದೋಷ ಸಿಕ್ಕಿತ್ತು. ಪೆಸಿಫಿಕ್‌ನ 16.2.7 ಬಿಡುಗಡೆಯಲ್ಲಿ ಸರಿಪಡಿಸಿದರು. ಇದರಿಂದ ನಾನು ಕಲಿತದ್ದು ಹೊಸ ಆವೃತ್ತಿ ಬಂದ ವಾರವೇ ಹಾಕಬಾರದು, ಟಿಪ್ಪಣಿ ಪೂರ್ತಿ ಓದಬೇಕು, ಎರಡು ಮೂರು ಚಿಕ್ಕ ಬಿಡುಗಡೆ ಕಾಯಬೇಕು ಎಂದು. ಕೆಲವು ತಿಂಗಳು ಕಾಯುವುದಕ್ಕೂ ಆರು ವರ್ಷ ಮಲಗುವುದಕ್ಕೂ ವ್ಯತ್ಯಾಸ ಇದೆ. ಆ ಎಚ್ಚರಿಕೆ ಓದಿದವರು ಯಾರು? ವರ್ಷ ವರ್ಷ ಅಪ್‌ಗ್ರೇಡ್ ಮಾಡುತ್ತಿದ್ದವರು. ಕೈ ಹಾಕದೆ ಇದ್ದವರಿಗೆ ಅಂಥದ್ದೊಂದು ಎಚ್ಚರಿಕೆ ಇತ್ತೆಂಬುದೇ ಗೊತ್ತಿಲ್ಲ. ನಿನ್ನೆ ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

ಉಚಿತವಾಗಿ ಸಿಗುವ ಸಾಫ್ಟ್‌ವೇರ್ ಎಂದು ಅಸಡ್ಡೆಯೂ ಇರಬಹುದೇನೋ. ಲೈಸೆನ್ಸ್‌ಗೆ ದುಡ್ಡು ಕಟ್ಟಿದ್ದರೆ ನವೀಕರಣದ ದಿನ ಯಾರಾದರೂ ಫೋನ್ ಮಾಡಿ ನೆನಪಿಸುತ್ತಿದ್ದರು. ಇಲ್ಲಿ ನಾವೇ ನೆನಪಿಟ್ಟುಕೊಳ್ಳಬೇಕು. ಜಗತ್ತಿನ ಎಷ್ಟೋ ಜನ ಬರೆದು, ತಿದ್ದಿ, ಕೈಗೆ ಕೊಟ್ಟಿದ್ದಾರೆ. ಅದನ್ನು ಹಾಕಿಕೊಳ್ಳುವ ಶ್ರಮವನ್ನೂ ನಾವು ತೆಗೆದುಕೊಳ್ಳದಿದ್ದರೆ ನನಗೆ ನಿಜಕ್ಕೂ ನೋವಾಗುತ್ತದೆ.

ಮ್ಯಾನೇಜರ್‌ಗೆ ಇಷ್ಟನ್ನೂ ಕಾಗದದ ಮೇಲೆ ಬರೆದು ತೋರಿಸಿದೆ. ಬಹಳ ಹೊತ್ತು ನೋಡಿದರು. ಶನಿವಾರ ರಾತ್ರಿಯದು ರದ್ದು ಮಾಡಿ, ಎರಡು ತಿಂಗಳು ಕೊಟ್ಟಿದ್ದಾರೆ, ಜೊತೆಗೆ ಕಲಿಯಲು ಒಬ್ಬ ಹುಡುಗಿಯನ್ನೂ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮೊದಲ ಫೈಲ್‌ಸ್ಟೋರ್ ಡಿಸ್ಕ್ ಖಾಲಿ ಮಾಡಲು ಹಾಕುತ್ತೇವೆ. ಕಮಾಂಡ್ ಅವಳೇ ಕೊಡಲಿ ಅಂದಿದ್ದೇನೆ.